ಮಘೆಯಿಂದ ವಿಶಾಖದವರೆಗೆ: ನಿಮ್ಮೂರ ಕೆರೆಯಲ್ಲೇ ವಲಸೆ ಹಕ್ಕಿ ನೋಡುವುದು ಹೇಗೆ

ಗಣೇಶನ ಹಬ್ಬ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನಮ್ಮ ಕೆರೆಯ ಕೋಡಿಯಲ್ಲಿ 'ಚಿಟ್-ಚಿಟ್' ಅಂತ ಸದ್ದು ಕೇಳುತ್ತದೆ. ನಾಣ್ಯಕ್ಕೆ ಉಗುರಿನಿಂದ ತಟ್ಟಿದ ಹಾಗೆ ಸಣ್ಣ, ಚೂಪು ಸದ್ದು. ತಿರುಗಿ ನೋಡಿದರೆ ಬೂದು ಬೆನ್ನು, ಹಳದಿ ಹೊಟ್ಟೆ, ಮೈಗೆ ಮೀರಿದ ಬಾಲ. ಬಾಲ ಆಡಿಸುತ್ತಾ ಕಲ್ಲಿಂದ ಕಲ್ಲಿಗೆ ಓಡುತ್ತಿರುತ್ತದೆ. ಬೂದು ಸಿಪಿಲೆ. ಇಪ್ಪತ್ತು ಗ್ರಾಂ ಕೂಡ ತೂಗದ ಹಕ್ಕಿ, ಹಿಮಾಲಯದ ಅಥವಾ ಅದರಾಚೆಯ ಹೊಳೆದಂಡೆಯಿಂದ ನಮ್ಮೂರ ಕೋಡಿಗೆ ಬಂದಿದೆ. ಅವತ್ತಿಗೆ ನನ್ನ ವರ್ಷ ಶುರು.

'ಅಪರೂಪದ ಹಕ್ಕಿ ನೋಡಬೇಕು, ಎಲ್ಲಿಗೆ ಹೋಗಲಿ?' ಅಂತ ಸೆಪ್ಟೆಂಬರ್ ಬಂದರೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಎಲ್ಲಿಗೂ ಹೋಗಬೇಡಿ ಅಂತ ನನ್ನ ಉತ್ತರ. ಅಪರೂಪದ್ದು ಕಣ್ಣಿಗೆ ಬೀಳುವುದು ಮಾಮೂಲಿ ಹಕ್ಕಿಗಳನ್ನು ಚೆನ್ನಾಗಿ ನೋಡಿದವರಿಗೆ. ಒಂದೇ ಕೆರೆಗೆ ವಾರ ವಾರ ಹೋಗುವವರಿಗೆ 'ಇದು ಇಲ್ಲಿಯದಲ್ಲವಲ್ಲ' ಅಂತ ಥಟ್ಟನೆ ಅನ್ನಿಸುತ್ತದೆ. ಮಿಕ್ಕವರಿಗೆ ಎಲ್ಲ ಕಂದು ಹಕ್ಕಿಯೂ ಒಂದೇ. ಹಾಗಾಗಿ ಈ ಮಾರ್ಗದರ್ಶಿಯ ಬಹುಪಾಲು ಒಂದು ಕೆರೆಯ ಸುತ್ತಲೇ ತಿರುಗುತ್ತದೆ. ದೂರದ ಜಾಗಗಳು ಕೊನೆಯಲ್ಲಿ ಬರುತ್ತವೆ.

ಮೊದಲು ಒಂದು ಕೆರೆ ಗೊತ್ತು ಮಾಡಿಕೊಳ್ಳಿ

ಮನೆಯಿಂದ ಹತ್ತು-ಹದಿನೈದು ನಿಮಿಷದಲ್ಲಿ ಮುಟ್ಟುವ ಕೆರೆ ಇರಲಿ. ಸುಂದರವಾಗಿರಬೇಕೆಂದೇನಿಲ್ಲ. ಸುತ್ತ ಕಾಂಕ್ರೀಟ್ ಹಾಕಿ, ದೀಪ ನೆಟ್ಟು, ಬೋಟಿಂಗ್ ಇಟ್ಟ ಕೆರೆಗಿಂತ ಒಂದು ಕಡೆ ಎಮ್ಮೆ ಇಳಿಯುವ, ಇನ್ನೊಂದು ಕಡೆ ಜೊಂಡು ಬೆಳೆದ ಕೆರೆ ನಮಗೆ ಮೇಲು. ಎಮ್ಮೆ ತುಳಿದ ಕೆಸರಿನಲ್ಲಿ ಹುಳ ಜಾಸ್ತಿ, ಹುಳ ಇದ್ದಲ್ಲಿ ಹಕ್ಕಿ.

ನಮ್ಮ ಹಳೆಯ ಕೆರೆಗಳಲ್ಲಿ ಒಂದು ಅನುಕೂಲ ಇದೆ. ಕೆರೆಯ ಒಂದೊಂದು ಭಾಗಕ್ಕೂ ಅದರದೇ ಹಕ್ಕಿಗಳು. ಕೋಡಿಯಲ್ಲಿ ನೀರು ಕಲ್ಲಿನ ಮೇಲೆ ಹರಿಯುತ್ತದೆ, ಅಲ್ಲಿ ಬೂದು ಸಿಪಿಲೆ, ಕಾಮನ್ ಸ್ಯಾಂಡ್‌ಪೈಪರ್ ಅನ್ನುವ ಪುಟ್ಟ ಕೆಸರಿನ ಹಕ್ಕಿ. ತೂಬಿನ ಕೆಳಗಿನ ಗದ್ದೆಯಲ್ಲಿ ಹಳದಿ ಸಿಪಿಲೆ, ವುಡ್ ಸ್ಯಾಂಡ್‌ಪೈಪರ್, ಕಾಲಿಗೆ ಸಿಗುವಷ್ಟು ಹತ್ತಿರದಿಂದ ಪುರ್ರನೆ ಏಳುವ ಸ್ನೈಪ್. ಏರಿಯ ಮೇಲಿನ ಹೊಂಗೆ, ಹುಣಸೆ, ಆಲದ ಮರಗಳಲ್ಲಿ ಎಲೆಯಷ್ಟೇ ಗಾತ್ರದ ವಾರ್ಬ್ಲರ್‌ಗಳು, ನೊಣಹಿಡುಕಗಳು. ಕೆರೆ ಅಂಗಳದ ಜಾಲಿ, ಜೊಂಡಿನಲ್ಲಿ ಬ್ಲೂಥ್ರೋಟ್. ನಡುನೀರಿನಲ್ಲಿ ಬಾತುಗಳು. ಇಷ್ಟು ನೋಡಿ ಸುಮ್ಮನಾಗಬೇಡಿ, ತಲೆ ಎತ್ತಿ. ಆಕಾಶವೂ ಕೆರೆಯ ಭಾಗವೇ. ಬಾರ್ನ್ ಸ್ವಾಲೋ, ಬೂಟೆಡ್ ಈಗಲ್, ಹ್ಯಾರಿಯರ್ ಅನ್ನುವ ಬಯಲಿನ ಬೇಟೆ ಹಕ್ಕಿ ಎಲ್ಲ ಅಲ್ಲೇ.

ಪ್ರತಿ ಸಲವೂ ಒಂದೇ ದಾರಿಯಲ್ಲಿ, ಒಂದೇ ಕ್ರಮದಲ್ಲಿ ನಡೆಯಿರಿ. ನಾನು ಕೋಡಿಯಿಂದ ಶುರು ಮಾಡಿ ಏರಿ ಮೇಲೆ ನಡೆದು ತೂಬಿನ ಹತ್ತಿರ ಇಳಿಯುತ್ತೇನೆ. ಒಂದೂವರೆ ಗಂಟೆ ಹಿಡಿಯುತ್ತದೆ. ದಾರಿ ಬದಲಾಗದಿದ್ದರೆ ಹಕ್ಕಿಗಳು ಬದಲಾದದ್ದು ಬೇಗ ಗೊತ್ತಾಗುತ್ತದೆ.

ಇನ್ನೊಂದು ಮಾತು. ಕೆರೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವರ ಪರಿಚಯ ಮಾಡಿಕೊಳ್ಳಿ. ನಮ್ಮ ಕೆರೆಯಲ್ಲಿ ಒಬ್ಬರು ಮೊದಮೊದಲು 'ಏನ್ ಸಾರ್, ವಾರ ವಾರ ಬಂದು ಅದೇ ನೀರು ನೋಡ್ತೀರಲ್ಲ' ಅಂತ ನಗುತ್ತಿದ್ದರು. ಎರಡನೇ ವರ್ಷ ಅವರೇ ಕರೆದು, 'ಮೊನ್ನೆಯಿಂದ ಒಂದು ದೊಡ್ಡದು ಬಂದೈತೆ ಸಾರ್, ಮೀನು ಎತ್ಕೊಂಡು ಹೋಗ್ತದೆ, ಗರುಡ ಅಲ್ಲ ಅದು' ಅಂದರು. ಅರ್ಧ ಗಂಟೆ ಕಾದೆ. ಕಾಲು ಮುಂದಿಟ್ಟು ದಬಕ್ಕನೆ ನೀರಿಗೆ ಬಿದ್ದು, ಮೈ ಕೊಡವಿ ಮೇಲೆದ್ದ ಹಕ್ಕಿಯ ಕಾಲಲ್ಲಿ ಮೀನು ಉದ್ದಕ್ಕೆ, ತಲೆ ಮುಂದಾಗಿ ಸಿಕ್ಕಿತ್ತು. ಆಸ್ಪ್ರೆ. ಗಾಳಿಗೆ ಅಡ್ಡ ಬರದಂತೆ ಮೀನನ್ನು ಹಾಗೆ ತಿರುಗಿಸಿ ಹಿಡಿಯುವುದು ಅದರ ಅಭ್ಯಾಸ. 'ಗರುಡ ಅಲ್ಲ' ಅಂತ ಅವರು ಹೇಳಿದ್ದು ಯಾವ ಪುಸ್ತಕ ಓದಿಯೂ ಅಲ್ಲ.

ಸಾಮಾನು ಕಡಿಮೆ ಸಾಕು

ಬೈನಾಕ್ಯುಲರ್ ಒಂದು ಬೇಕೇ ಬೇಕು. ಅದರ ಮೇಲೆ 8x42 ಅಂತ ಬರೆದಿರುವುದನ್ನು ಕೊಳ್ಳಿ. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಅಂಗಡಿಯವರು '10 ತಗೊಳ್ಳಿ, ಇನ್ನೂ ದೊಡ್ಡದಾಗಿ ಕಾಣುತ್ತೆ' ಅನ್ನುತ್ತಾರೆ. ಕೈ ನಡುಕವೂ ಹತ್ತು ಪಟ್ಟಾಗುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಎಲೆ ಸಂದಿಯಲ್ಲಿ ಓಡಾಡುವ ಹಕ್ಕಿಯನ್ನು ಹಿಡಿಯಲು ಅಗಲವಾದ ನೋಟ ಬೇಕು, ಅದು 8ರಲ್ಲಿ ಜಾಸ್ತಿ. ಕನ್ನಡಕದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಂಡರೆ ಪೂರ್ತಿ ಕಾಣುತ್ತದೆ.

ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್ಕು, ಪೆನ್ಸಿಲ್ಲು. ಪೆನ್ನು ಬೇಡ, ಮಳೆಗೆ ಕರಗುತ್ತದೆ. ಫೋನಿನಲ್ಲಿ ಇ-ಬರ್ಡ್ ಮತ್ತು ಮರ್ಲಿನ್ ಅನ್ನುವ ಆ್ಯಪ್‌ಗಳನ್ನು ಹಾಕಿಕೊಳ್ಳಿ, ಎರಡೂ ಉಚಿತ. ಇ-ಬರ್ಡ್ ನೋಡಿದ ಹಕ್ಕಿಗಳ ಪಟ್ಟಿ ಹಾಕಲು. ಮರ್ಲಿನ್ ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ಅದು ಹೇಳಿದ್ದನ್ನು ಪಕ್ಕದ ಮನೆಯವರ ಸುದ್ದಿಯ ಹಾಗೆ ಕೇಳಿಸಿಕೊಳ್ಳಿ. ಹೋಗಿ ನೋಡಲು ಕಾರಣ ಸಿಕ್ಕಿತು ಅಷ್ಟೇ, ಸಾಕ್ಷಿ ಅಲ್ಲ. ಕ್ಯಾಮೆರಾ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಗದ್ದೆ ಬದುವಿನಲ್ಲಿ ಜಾರದ ಚಪ್ಪಲಿ ಅಥವಾ ಬೂಟು ಮಾತ್ರ ಮರೆಯಬೇಡಿ. ನಾನು ಒಂದು ಸಲ ಬೈನಾಕ್ಯುಲರ್ ಸಮೇತ ತೂಬಿನ ಕಾಲುವೆಗೆ ಬಿದ್ದು, ಅದರೊಳಗೆ ನೀರಾಡಿ, ಒಂದು ಇಡೀ ಅಕ್ಟೋಬರ್ ಬರಿಗಣ್ಣಿನಲ್ಲೇ ಕಳೆದಿದ್ದೇನೆ.

ಅತಿಥಿಗಿಂತ ಮೊದಲು ಮನೆಯವರು

ಜುಲೈ, ಆಗಸ್ಟ್‌ನಲ್ಲೇ ಕೆಲಸ ಶುರು ಮಾಡಿ. ವರ್ಷವಿಡೀ ಇರುವವರನ್ನು ಆಗ ಕಲಿತುಬಿಡಿ: ನಾಮದ ಕೋಳಿ, ವರಟೆ, ಟಿಟ್ಟಿಭ, ಕಾಜಾಣ, ಪಿಕಳಾರ, ಮಡಿವಾಳ, ಮಿಂಚುಳ್ಳಿಗಳು, ಬೆಳ್ಳಕ್ಕಿಗಳು. ಮೂವತ್ತು-ನಲವತ್ತು ಹಕ್ಕಿ ಗುರುತಾದರೆ ಸಾಕು. ಅವುಗಳ ಮರಿಗಳನ್ನೂ ನೋಡಿಟ್ಟುಕೊಳ್ಳಿ. 'ಹೊಸ ಹಕ್ಕಿ ಸಿಕ್ಕಿತು' ಅಂತ ಜನ ಕಳಿಸುವ ಫೋಟೋಗಳಲ್ಲಿ ಎಷ್ಟೋ ಊರ ಹಕ್ಕಿಯ ಮರಿಗಳೇ ಆಗಿರುತ್ತವೆ.

ಇಲ್ಲಿ ಒಂದು ತಕರಾರು ಹೇಳಿಬಿಡುತ್ತೇನೆ. ನಮ್ಮಲ್ಲಿ ಕೆರೆಗೆ ಬಂದ ಹಕ್ಕಿ ಯಾವುದಾದರೂ 'ಸೈಬೀರಿಯಾದಿಂದ ಬಂದ ಅತಿಥಿ' ಆಗಿಬಿಡುತ್ತದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳನ್ನೂ, ಬಣ್ಣದ ಕೊಕ್ಕರೆಗಳನ್ನೂ ಸೈಬೀರಿಯಾಕ್ಕೆ ಸೇರಿಸಿಬಿಟ್ಟಿದ್ದಾರೆ. ಅವು ನಮ್ಮ ದೇಶದ ಹಕ್ಕಿಗಳೇ. ನೀರು, ಮೀನು ನೋಡಿಕೊಂಡು ಊರಿಂದೂರಿಗೆ ತಿರುಗುತ್ತವೆ, ಇಲ್ಲೇ ಗೂಡು ಕಟ್ಟುತ್ತವೆ. ನಿಜವಾಗಿ ದೂರದಿಂದ ಬರುವವು ಹೆಚ್ಚಾಗಿ ಯಾರೂ ತಿರುಗಿ ನೋಡದ ಪುಟ್ಟ ಕಂದು ಹಕ್ಕಿಗಳು.

ಮಳೆ ನಕ್ಷತ್ರದ ಲೆಕ್ಕ

ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರದ ಲೆಕ್ಕ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದೊಂದಕ್ಕೂ ಹದಿಮೂರು-ಹದಿನಾಲ್ಕು ದಿನ, ಹಕ್ಕಿಗಳ ಗುಂಪೂ ಹೆಚ್ಚುಕಮ್ಮಿ ಅದೇ ಗಡುವಿನಲ್ಲಿ ಬದಲಾಗುತ್ತದೆ. ನಮ್ಮ ತಾತ ರಾಗಿಗೆ ಇಟ್ಟುಕೊಂಡಿದ್ದ ಲೆಕ್ಕವನ್ನು ನಾನು ಹಕ್ಕಿಗೆ ಇಟ್ಟುಕೊಂಡಿದ್ದೇನೆ.

ಮಘೆ, ಆಗಸ್ಟ್ ಮಧ್ಯದಿಂದ. ಕೆಸರಿನ ಹಕ್ಕಿಗಳೇ ಮೊದಲು. ಕಾಮನ್, ಗ್ರೀನ್, ವುಡ್ ಈ ಮೂರೂ ಸ್ಯಾಂಡ್‌ಪೈಪರ್‌ಗಳಲ್ಲಿ ಕೆಲವು ಜುಲೈ ಕೊನೆಗೇ ಬಂದಿರುತ್ತವೆ. ಬೇಗ ಬರುವವು ಹೆಚ್ಚಾಗಿ ದೊಡ್ಡವು, ಆ ವರ್ಷ ಹುಟ್ಟಿದ ಮರಿಗಳು ತಡವಾಗಿ ಬರುತ್ತವೆ. ಅಪ್ಪ ಅಮ್ಮ ಹೊರಟು ಹೋದ ಮೇಲೆ ಮರಿಗಳು ತಾವೇ ದಾರಿ ಹುಡುಕಿಕೊಂಡು ಬರುತ್ತವೆ ಅನ್ನುವುದು ನನಗೆ ಇವತ್ತಿಗೂ ನಂಬಲು ಕಷ್ಟ.

ಹುಬ್ಬೆ, ಆಗಸ್ಟ್ 30ರ ಸುಮಾರಿಗೆ. ಬೂದು ಸಿಪಿಲೆ. ತಂತಿಗಳ ಮೇಲೆ ಬಾರ್ನ್ ಸ್ವಾಲೋ ಸಾಲು. ಬಾತುಗಳಲ್ಲಿ ಎಲ್ಲಕ್ಕಿಂತ ಮುಂಚೆ ಬರುವುದು ಗಾರ್ಗನೆ. ಗಣೇಶನ ವಿಸರ್ಜನೆಯ ವಾರ ಕೆರೆಗೆ ಹೋಗುವುದು ಸುಮ್ನೆ, ಗದ್ದೆ ಕಡೆ ಹೋಗಿ.

ಉತ್ತರೆ, ಸೆಪ್ಟೆಂಬರ್ 13ರಿಂದ. ಮರದ ಹಕ್ಕಿಗಳ ಸರದಿ. ಬೇಲಿ ತುದಿಯಲ್ಲಿ ಕೂತು ಒರಟಾಗಿ ಬೈಯುವ ಬ್ರೌನ್ ಶ್ರೈಕ್. ಹೊಂಗೆ ಮರದಲ್ಲಿ 'ಚಿಸ್-ವೀ' ಅಂತ ಎರಡು ತುಂಡಿನಲ್ಲಿ ಕೂಗುವ ಗ್ರೀನಿಶ್ ವಾರ್ಬ್ಲರ್. ಲಂಟಾನದ ಒಳಗಿಂದ, ನಾಲಿಗೆಯಲ್ಲಿ ಲೊಟ್ಟೆ ಹೊಡೆದ ಹಾಗೆ 'ಟಕ್, ಟಕ್' ಅನ್ನುವ ಬ್ಲಿತ್ಸ್ ರೀಡ್ ವಾರ್ಬ್ಲರ್. ಈ ಎರಡನ್ನೂ ಕಣ್ಣಿಗಿಂತ ಕಿವಿಯಿಂದ ಕಲಿಯುವುದು ಸುಲಭ. ಕಲಿತ ಮೇಲೆ ನಿಮಗೇ ಬೆರಗಾಗುತ್ತದೆ. ಬಸ್ ಸ್ಟ್ಯಾಂಡಿನ ಆಲದ ಮರದಲ್ಲೂ, ಶಾಲೆಯ ಕಾಂಪೌಂಡಿನಲ್ಲೂ, ನಿಮ್ಮ ಹಿತ್ತಲಲ್ಲೂ ಅವೇ.

ಹಸ್ತ, ಸೆಪ್ಟೆಂಬರ್ ಕೊನೆಗೆ. ಬಯಲಿನ ಮೇಲೆ ಹ್ಯಾರಿಯರ್‌ಗಳು. ಕನ್ನಡದಲ್ಲಿ ಇವಕ್ಕೆ ಸೆಳೆವ ಅನ್ನುತ್ತಾರೆ, ಚೆಂದದ ಹೆಸರು. ಏಷ್ಯನ್ ಬ್ರೌನ್ ನೊಣಹಿಡುಕ, ಬ್ಲೂಥ್ರೋಟ್ ಕೂಡ ಈಗಲೇ. ಅಪರೂಪದ್ದು ಸಿಗುವ ಸಂಭವ ಹಸ್ತ ಮತ್ತು ಚಿತ್ತೆಯಲ್ಲಿ ಜಾಸ್ತಿ. ಕೆಲವು ಹಕ್ಕಿಗಳಿಗೆ ನಮ್ಮ ನಾಡು ಊರಲ್ಲ, ದಾರಿ. ಯುರೋಪಿಯನ್ ರೋಲರ್, ಸ್ಪಾಟೆಡ್ ಫ್ಲೈಕ್ಯಾಚರ್ ಆಫ್ರಿಕಾಕ್ಕೆ ಹೋಗುವಾಗ ಮುಖ್ಯವಾಗಿ ಗುಜರಾತ್, ರಾಜಸ್ಥಾನದ ಮೇಲೆ ಹಾದು ಹೋಗುತ್ತವೆ. ಒಂದೆರಡು ಇತ್ತ ಜಾರಿ ಬರುತ್ತವೆ. ಬಂದರೂ ಒಂದು ದಿನ, ಎರಡು ದಿನ. ಭಾನುವಾರ ಹೋದವರಿಗೆ ಸಿಕ್ಕಿದ್ದು ಬುಧವಾರ ಹೋದವರಿಗೆ ಸಿಗುವುದಿಲ್ಲ.

ಚಿತ್ತೆ, ಅಕ್ಟೋಬರ್ ಎರಡನೇ ವಾರದಿಂದ. 'ಚಿತ್ತೆ ಮಳೆ ವಿಚಿತ್ರ' ಅನ್ನುತ್ತಾರಲ್ಲ, ಹಕ್ಕಿಗಳೂ ಹಾಗೇ. ಪಿನ್‌ಟೇಲ್, ಶವೆಲರ್ ಬಾತುಗಳು ಶುರು. ನವರಂಗವೂ ಈಗಲೇ, ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಅಕ್ಟೋಬರಿನ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿಗಳ ದಿನ. ಅವತ್ತು ಊರೂರಲ್ಲಿ ಹಕ್ಕಿ ನಡಿಗೆ ಇಟ್ಟುಕೊಳ್ಳುತ್ತಾರೆ. ಹೊಸಬರು ಒಂದು ಗುಂಪು ಸೇರಿಕೊಳ್ಳಲು ಒಳ್ಳೆಯ ದಿನ.

ಸ್ವಾತಿ, ವಿಶಾಖ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮೂರನೇ ವಾರ. ಬಾತುಗಳು ತುಂಬುತ್ತವೆ, ಗುಲಾಬಿ ಮೈನಾಗಳ ಹಿಂಡು ಜೋಳದ ಹೊಲಕ್ಕೆ ಬೀಳುತ್ತದೆ. ಉತ್ತರ ಕರ್ನಾಟಕದ ಕೆರೆಗಳಿಗೆ ಪಟ್ಟೆತಲೆ ಹೆಬ್ಬಾತು. ದೀಪಾವಳಿಯ ಪಟಾಕಿಗೆ ಬಾತುಗಳು ನಾಲ್ಕು ದಿನ ಕೆರೆ ಬಿಟ್ಟು ಹೋಗುವುದುಂಟು, ನಿರಾಸೆ ಬೇಡ.

ಹೊತ್ತು, ಬಿಸಿಲು, ಗಾಳಿ

ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರುತ್ತವೆ. ತಂಪು, ಹದ್ದು-ಡೇಗೆಗಳ ಕಾಟ ಇಲ್ಲ, ನಕ್ಷತ್ರ ನೋಡಿ ದಿಕ್ಕು ಹಿಡಿಯಬಹುದು. ಬೆಳಗಾಗುವ ಹೊತ್ತಿಗೆ ಎಲ್ಲಿ ಮರ ಕಂಡರೆ ಅಲ್ಲಿ ಇಳಿದು, ಹಸಿದ ಹೊಟ್ಟೆಯಲ್ಲಿ ಹುಳ ಹಿಡಿಯಲು ನಿಲ್ಲುತ್ತವೆ. ಆದ್ದರಿಂದ ಬೆಳಗಾದ ಮೊದಲ ಎರಡು ಗಂಟೆ ಬಂಗಾರ. ಎಂಟೂವರೆಯ ಮೇಲೆ ಎಲೆಗಳ ನಡುವೆ ಸುಮ್ಮನಾಗಿಬಿಡುತ್ತವೆ. ಹದ್ದು, ಹ್ಯಾರಿಯರ್‌ಗಳ ಲೆಕ್ಕ ಬೇರೆ. ನೆಲ ಕಾದು ಬಿಸಿಗಾಳಿ ಮೇಲೇಳುವ ಒಂಬತ್ತು-ಹತ್ತರ ಮೇಲೆ ಅವು ಹಾರಲು ಹೊರಡುತ್ತವೆ. ತಿಂಡಿ ಮುಗಿಸಿ ಇನ್ನೊಂದು ಸಲ ಆಕಾಶ ನೋಡಿ.

ರಾತ್ರಿಯೆಲ್ಲ ಮಳೆ ಸುರಿದು ಬೆಳಗಿನ ಜಾವ ಬಿಟ್ಟ ದಿನ ಆಫೀಸಿಗೆ ತಡವಾದರೂ ಪರವಾಗಿಲ್ಲ, ಹೋಗಿಬನ್ನಿ. ಹಾರುತ್ತಿದ್ದ ಹಕ್ಕಿಗಳನ್ನು ಮಳೆ ಒತ್ತಿ ಕೆಳಗಿಳಿಸಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ರೇಡಿಯೋದಲ್ಲಿ ಬಂದರೆ ಅದೂ ನಮಗೆ ಸುದ್ದಿಯೇ. ಅದು ಒಳನಾಡಿಗೆ ಬಂದು ಮಳೆ ಸುರಿಸಿ ಹೋದ ಮರುದಿನ ದೊಡ್ಡ ಕೆರೆಗಳನ್ನು ನೋಡಿ. ಸಮುದ್ರದ ಮೇಲಿರಬೇಕಾದ ಹಕ್ಕಿ ದಾರಿ ತಪ್ಪಿ ಒಳಗೆ ಬಂದಿರಬಹುದು.

ಬೆಳಿಗ್ಗೆ ಕೆರೆಯ ಪೂರ್ವ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಇದರ ಉಲ್ಟಾ. ಸೂರ್ಯ ಬೆನ್ನಿಗಿದ್ದರೆ ಬಣ್ಣ ಕಾಣುತ್ತದೆ, ಎದುರಿಗಿದ್ದರೆ ಎಲ್ಲವೂ ಕಪ್ಪು ಬಾತು. ಇಷ್ಟು ಸಣ್ಣ ವಿಷಯ ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ಇನ್ನೊಂದು ಸತ್ಯ ಇದೆ. ಮಳೆ ಚೆನ್ನಾದ ವರ್ಷ ನಿಮ್ಮ ಕೆರೆ ಖಾಲಿ ಖಾಲಿ ಅನ್ನಿಸಬಹುದು. ಎಲ್ಲ ಕೆರೆ, ಕಟ್ಟೆ, ಗುಂಡಿ ತುಂಬಿರುವಾಗ ಹಕ್ಕಿಗಳು ಹಂಚಿಹೋಗುತ್ತವೆ. ದಂಡೆಯ ಕೆಸರು ನೀರಿನಡಿ ಮುಳುಗಿರುತ್ತದೆ, ಗೇಣುದ್ದ ಕಾಲಿನ ಹಕ್ಕಿಗೆ ಅಲ್ಲಿ ಜಾಗವಿಲ್ಲ. ಅಂಥ ವರ್ಷ ನಾಟಿ ಮಾಡಿದ ಗದ್ದೆ, ಇಟ್ಟಿಗೆ ಗೂಡಿನ ಹೊಂಡ, ಲೇಔಟ್‌ಗೆ ಅಂತ ಅಗೆದು ಬಿಟ್ಟ ಜಾಗದ ನೀರು, ಇವನ್ನು ನೋಡಿ.

ಗೊಂದಲದ ಮೂರು ಗುಂಪು

ಎಲ್ಲವನ್ನೂ ಒಂದೇ ವರ್ಷದಲ್ಲಿ ಕಲಿಯಲು ಹೋಗಬೇಡಿ. ಮೊದಲ ವರ್ಷ ಈ ಮೂರು ಸ್ಯಾಂಡ್‌ಪೈಪರ್‌ ಸಾಕು, ಆದರೆ ಕೈಗೆ ಹಿಡಿದಷ್ಟು ಚೆನ್ನಾಗಿ ಕಲಿಯಿರಿ.

ಕಾಮನ್ ಸ್ಯಾಂಡ್‌ಪೈಪರ್ ಮೇಲೆಲ್ಲ ಕಂದು, ಕೆಳಗೆ ಬಿಳಿ. ಆ ಬಿಳಿ ರೆಕ್ಕೆಯ ಮುಂದೆ, ಭುಜದ ಹತ್ತಿರ, ಮೇಲಕ್ಕೆ ಚಾಚಿಕೊಂಡಿರುತ್ತದೆ. ಕೂತಲ್ಲಿ ಸೊಂಟ ಆಡಿಸುತ್ತಲೇ ಇರುತ್ತದೆ. ಎದ್ದರೆ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಬಿಗಿ ಹಿಡಿದು ಒದರುತ್ತಾ ಹಾರುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್ ಹೆಸರಿಗೆ ಹಸಿರು, ನೋಡಲು ಕಪ್ಪುಗಂದು. ಒಂಟಿ ಜೀವ, ಕಾಲುವೆ, ಚರಂಡಿಯಂಥ ಇಕ್ಕಟ್ಟು ಜಾಗ ಇಷ್ಟ. ಹಾರಿದಾಗ ಬಾಲದ ಬುಡ ಬೆಳ್ಳಗೆ ಹೊಳೆಯುತ್ತದೆ, ರೆಕ್ಕೆಯ ಅಡಿ ಕಪ್ಪು. ವುಡ್ ಸ್ಯಾಂಡ್‌ಪೈಪರ್ ಬೆನ್ನಿನ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಚುಕ್ಕೆ, ಕಣ್ಣಿನ ಹಿಂದಿನವರೆಗೂ ಹೋಗುವ ಬಿಳಿ ಹುಬ್ಬು, ಹಳದಿ ಛಾಯೆಯ ಉದ್ದ ಕಾಲು. ಇದಕ್ಕೂ ಬಾಲದ ಬುಡ ಬಿಳಿ, ಆದರೆ ರೆಕ್ಕೆಯ ಅಡಿ ತಿಳಿ ಬಣ್ಣ. ಗದ್ದೆಯಲ್ಲಿ ಗುಂಪಾಗಿ ಇರುವವು ಹೆಚ್ಚಾಗಿ ಇವೇ.

ಈ ಮೂರು ಗಟ್ಟಿಯಾದರೆ ನಾಲ್ಕನೆಯದು ಬಂದಾಗ ತಾನಾಗಿ ಎದ್ದು ಕಾಣುತ್ತದೆ.

ಎರಡನೆಯ ಗೊಂದಲ ಬಾತುಗಳದ್ದು. ಪುಸ್ತಕದಲ್ಲಿ ಗಂಡು ಬಾತು ಮದುವೆ ಗಂಡಿನ ಹಾಗೆ ಇರುತ್ತದೆ. ಅಕ್ಟೋಬರಿನಲ್ಲಿ ಕೆರೆಯಲ್ಲಿ ನೋಡಿದರೆ ಎಲ್ಲವೂ ಹೆಣ್ಣೇ ಅನ್ನಿಸುತ್ತದೆ. ಮರಿ ಮಾಡಿದ ಮೇಲೆ ಗಂಡುಗಳು ಗರಿ ಉದುರಿಸಿ ಕೆಲವು ತಿಂಗಳು ಹೆಣ್ಣಿನ ಬಣ್ಣದಲ್ಲೇ ಇರುತ್ತವೆ. ಡಿಸೆಂಬರ್‌ ಹೊತ್ತಿಗೆ ಮತ್ತೆ ಬಣ್ಣ ಬರುತ್ತದೆ. ಅಲ್ಲಿಯವರೆಗೆ ಆಕಾರ ನೋಡಿ. ಸೌಟಿನಂಥ ಅಗಲ ಕೊಕ್ಕಿದ್ದರೆ ಶವೆಲರ್, ತೆಳ್ಳನೆ ಉದ್ದ ಕತ್ತಿದ್ದರೆ ಪಿನ್‌ಟೇಲ್, ಚಿಕ್ಕದಾಗಿದ್ದು ಮುಖದ ಮೇಲೆ ಗೆರೆ ಎಳೆದಂತಿದ್ದರೆ ಗಾರ್ಗನೆ.

ಹ್ಯಾರಿಯರ್‌ಗಳಲ್ಲಿ ಗಂಡು ಸುಲಭ. ಬೂದು ಮೈ, ರೆಕ್ಕೆಯ ಮೇಲೆ ಕಪ್ಪು ಪಟ್ಟಿ ಇದ್ದರೆ ಮಾಂಟೆಗು. ಬೆಳ್ಳಗಿದ್ದು ರೆಕ್ಕೆ ತುದಿಯಲ್ಲಿ ಮಾತ್ರ ಕಿರಿದಾದ ಕಪ್ಪು ಇದ್ದರೆ ಪ್ಯಾಲಿಡ್. ಹೆಣ್ಣು, ಮರಿಗಳನ್ನು ನೋಡಿ ಹೆಸರು ಹೇಳಲಾಗದಿದ್ದರೆ 'ಹ್ಯಾರಿಯರ್' ಅಂತಷ್ಟೇ ಬರೆದುಕೊಳ್ಳಿ. ಇಪ್ಪತ್ತು ವರ್ಷ ನೋಡಿದವರೂ ಹಾಗೇ ಬರೆಯುತ್ತಾರೆ, ಅವಮಾನ ಏನಿಲ್ಲ. ಸಂಜೆ ಇವು ಹುಲ್ಲುಗಾವಲಿನಲ್ಲಿ ನೆಲದ ಮೇಲೇ ಗುಂಪಾಗಿ ಮಲಗಲು ಇಳಿಯುತ್ತವೆ. ಅಂಥ ಜಾಗ ಗೊತ್ತಾದರೆ ದೂರದಲ್ಲೇ ನಿಲ್ಲಿ, ಗಾಡಿ ಒಳಗೆ ಓಡಿಸಬೇಡಿ.

ಅಪರೂಪದ್ದು ಕಂಡೇಬಿಟ್ಟರೆ

ಎದೆ ಹೊಡೆದುಕೊಳ್ಳುತ್ತದೆ. ಆಗಲೇ ತಪ್ಪಾಗುವುದು.

ನನ್ನದೇ ಕತೆ ಕೇಳಿ. ಕೆಲವು ವರ್ಷದ ಹಿಂದೆ ಒಂದು ಹಸ್ತದ ಬೆಳಿಗ್ಗೆ ಕೆರೆ ಅಂಗಳದಲ್ಲಿ ಗುರುತಿಲ್ಲದ ಹಕ್ಕಿಯೊಂದು ಕಂಡಿತು. ಕಂದು, ಹಳದಿ ಕಾಲು, ಸ್ವಲ್ಪ ಬಾಗಿದ ಕೊಕ್ಕು. ಫೋನಿನಲ್ಲಿ ಚಿತ್ರ ತಿರುವಿದೆ. ಪೆಕ್ಟೋರಲ್ ಸ್ಯಾಂಡ್‌ಪೈಪರ್ ಅನ್ನಿಸಿತು. ಭಾರತದಲ್ಲಿ ಬಹಳ ಅಪರೂಪ. ಅನ್ನಿಸಿದ್ದೇ ತಡ, ಗುಂಪಿಗೆ ಹಾಕಿದೆ. ಇಬ್ಬರು ಮಧ್ಯಾಹ್ನದೊಳಗೆ ಬೈಕಿನಲ್ಲಿ ಬಂದರು. ಒಬ್ಬರು ಎರಡು ನಿಮಿಷ ನೋಡಿ, 'ರಫ್ ಅಲ್ವಾ ಇದು, ಹೆಣ್ಣು?' ಅಂದರು. ಮೆತ್ತಗೆ ಅಂದರು, ಅದೇ ಜಾಸ್ತಿ ಚುಚ್ಚಿತು. ರಫ್ ಅಂದರೆ ನಮ್ಮಲ್ಲಿಗೆ ಮಾಮೂಲಿಯಾಗಿ ಬರುವ ಕೆಸರಿನ ಹಕ್ಕಿ. ಪೆಕ್ಟೋರಲ್‌ಗೆ ಎದೆಯ ಮೇಲಿನ ಗೀರುಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತುಹೋಗಿ, ಅದರ ಕೆಳಗೆ ಒಮ್ಮೆಗೇ ಬಿಳಿ ಶುರುವಾಗಬೇಕು. ನನ್ನ ಹಕ್ಕಿಯ ಎದೆ ಗೀರಿಲ್ಲದೆ ಮಾಸಲು ಕಂದು. ಆ ಎದೆಯನ್ನು ನಾನು ನೋಡಿಯೇ ಇರಲಿಲ್ಲ. ನೋಡಿದ್ದು ಫೋನನ್ನು.

ಅವತ್ತಿನಿಂದ ನನ್ನ ಕ್ರಮ ಹೀಗಿದೆ. ಮೊದಲ ಹತ್ತು ನಿಮಿಷ ಪುಸ್ತಕವೂ ಬೇಡ, ಆ್ಯಪೂ ಬೇಡ. ಹಕ್ಕಿಯನ್ನೇ ನೋಡಿ ಬರೆದುಕೊಳ್ಳುತ್ತೇನೆ: ಪಕ್ಕದಲ್ಲಿರುವ ಗೊತ್ತಿರುವ ಹಕ್ಕಿಗಿಂತ ದೊಡ್ಡದೋ ಚಿಕ್ಕದೋ, ಕೊಕ್ಕು ತಲೆಯಷ್ಟು ಉದ್ದವೋ ಇನ್ನೂ ಉದ್ದವೋ, ಕಾಲಿನ ಬಣ್ಣ, ಎದೆ, ಹುಬ್ಬು, ಹಾರಿದಾಗ ಬಾಲದ ಬುಡ, ಕೂಗು. ಚಿತ್ರ ಬರೆಯಲು ಬರದಿದ್ದರೂ ಮೊಟ್ಟೆಯ ಆಕಾರ ಬರೆದು ಬಾಣ ಹಾಕಿ ಗುರುತು ಮಾಡುತ್ತೇನೆ. ಆಮೇಲೆ ಫೋಟೋ. ಎಷ್ಟು ಮಸುಕಾಗಿದ್ದರೂ ತೆಗೆಯಿರಿ, ಬೈನಾಕ್ಯುಲರಿಗೆ ಫೋನ್ ಹಿಡಿದು ತೆಗೆದದ್ದೂ ನಡೆಯುತ್ತದೆ. ಹಾರಿದಾಗಿನ ಒಂದು ಫೋಟೋ ಕೂತ ಹತ್ತಕ್ಕೆ ಸಮ. ಕೂಗಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಕೊನೆಗೆ ಪುಸ್ತಕ ತೆಗೆದು 'ಇದು ಅಪರೂಪದ್ದಲ್ಲ, ಮಾಮೂಲಿಯದೇ' ಅಂತ ವಾದ ಮಾಡಿ. ಮರಿ ಇರಬಹುದೇ? ಗರಿ ಉದುರುತ್ತಿರುವ ಹಕ್ಕಿ ಇರಬಹುದೇ? ಬೆಳಕಿನ ಆಟವೇ? ಈ ವಾದದಲ್ಲಿ ನೀವು ಸೋತರೆ ಮಾತ್ರ ಸುದ್ದಿ ಹೇಳಿ.

ದಾರಿ ತಪ್ಪಿ ಬರುವವುಗಳಲ್ಲಿ ಆ ವರ್ಷದ ಮರಿಗಳೇ ಹೆಚ್ಚು. ಅವುಗಳ ಬೆನ್ನಿನ ಗರಿಗಳಿಗೆ ತಿಳಿ ಅಂಚು ಇದ್ದು, ಮೀನಿನ ಹುರುಪೆ ಜೋಡಿಸಿದ ಹಾಗೆ ಕಾಣುತ್ತದೆ. ಪುಸ್ತಕದಲ್ಲಿ ಮೂಲೆಯಲ್ಲಿ ಸಣ್ಣದಾಗಿ ಹಾಕಿರುವ ಮರಿಯ ಚಿತ್ರವನ್ನೇ ನೋಡಬೇಕು ಅನ್ನುವುದು ಅದಕ್ಕೆ.

ಇ-ಬರ್ಡ್‌ಗೆ ಪಟ್ಟಿ ಹಾಕಿದಾಗ ಆ ಊರಿಗೆ, ಆ ತಿಂಗಳಿಗೆ ಅಪರೂಪದ ಹಕ್ಕಿ ಇದ್ದರೆ ವಿವರ ಕೇಳುತ್ತದೆ. ಆಮೇಲೆ ಪರಿಶೀಲಿಸುವವರೂ ಬರೆದು ಕೇಳಬಹುದು. ಸಿಟ್ಟಾಗಬೇಡಿ, ನಿಮ್ಮ ಮೇಲೆ ಅನುಮಾನ ಅಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಹಾಗೇ ಹಾಕಿ. ಏನೂ ಕಾಣದ ದಿನದ ಪಟ್ಟಿಯನ್ನೂ ಹಾಕಿ. ಹಕ್ಕಿ ಯಾವತ್ತು ಬಂತು ಅಂತ ಗೊತ್ತಾಗಬೇಕಾದರೆ ಯಾವತ್ತಿನವರೆಗೆ ಇರಲಿಲ್ಲ ಅಂತ ಗೊತ್ತಿರಬೇಕು.

ಫೋಟೋಗೆ ಅಂತ ಕೂಗಿನ ರೆಕಾರ್ಡ್ ಹಾಕಿ ಕರೆಯುವವರಿದ್ದಾರೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ತಿನ್ನಲು ಇರುವ ಎರಡು ಗಂಟೆಯನ್ನು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆಸುವುದು ಅನ್ಯಾಯ.

ಊರು ಬಿಟ್ಟು ಹೊರಡುವುದಾದರೆ

ಗದಗ ಜಿಲ್ಲೆಯ ಮಾಗಡಿ ಕೆರೆ ನನ್ನ ಮೊದಲ ಆಯ್ಕೆ. ಶಿರಹಟ್ಟಿ ತಾಲ್ಲೂಕು. ನವೆಂಬರ್ ಮಧ್ಯದ ನಂತರ ಹೋಗಿ. ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಸೇರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಮೇಯಲು ಸುತ್ತಲಿನ ಶೇಂಗಾ, ಕಡಲೆ ಹೊಲ. ಬೆಳಕು ಹರಿಯುವ ಮೊದಲೇ ಕೆರೆ ಹತ್ತಿರ ಇದ್ದರೆ ಹೊಲದಿಂದ ವಾಪಸ್ ಬರುವ ಸಾಲುಗಳು 'ಆಂಗ್-ಆಂಗ್' ಅಂತ ತಲೆ ಮೇಲೆ ಹಾದು ಹೋಗುತ್ತವೆ. ಇವು ಎವರೆಸ್ಟ್ ದಾಟಿ ಬರುತ್ತವೆ ಅನ್ನುವ ಕತೆ ಎಲ್ಲ ಕಡೆ ಇದೆ. ಬೆನ್ನಿಗೆ ಯಂತ್ರ ಕಟ್ಟಿ ಅಳೆದಾಗ ಕಂಡ ಅತಿ ಎತ್ತರ 7,290 ಮೀಟರ್. ಹೆಚ್ಚಿನ ಹಾರಾಟ ಅದಕ್ಕಿಂತ ಕೆಳಗೆ, ಕಣಿವೆಗಳ ಗುಂಟ. ನನಗೆ ಇದೇ ಹೆಚ್ಚು ಇಷ್ಟದ ಕತೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಆದ್ದರಿಂದ ಒಂದೊಂದರ ಕೊರಳನ್ನೂ ನೋಡಿ. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ಅಂಕಿ ಬರೆದುಕೊಳ್ಳಿ.

ವಿಜಯನಗರ ಜಿಲ್ಲೆಯ ಅಂಕಸಮುದ್ರ ಇನ್ನೊಂದು. ಹಗರಿಬೊಮ್ಮನಹಳ್ಳಿಯ ಹತ್ತಿರ, ನೀರಿನ ನಡುವೆಯೇ ಜಾಲಿ ಮರಗಳು ನಿಂತ ಹಳೆಯ ಕೆರೆ. ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಮೂರೂ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವು. ರಂಗನತಿಟ್ಟು 2022ರಲ್ಲೇ ಸೇರಿತ್ತು. ಅಘನಾಶಿನಿಗೆ ಹೋಗುವವರು ಉಬ್ಬರ-ಇಳಿತದ ಸಮಯ ನೋಡಿಕೊಂಡು ಹೋಗಿ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕೆಸರಿನಾಚೆ ಚುಕ್ಕೆಯಾಗಿ ಕಾಣುತ್ತವೆ. ನೀರು ಏರತೊಡಗಿದ ಮೇಲೆ ಒಂದೆರಡು ಗಂಟೆ ತಾವೇ ಹತ್ತಿರ ಬರುತ್ತವೆ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಬೆಂಗಳೂರಿನವರಿಗೆ ಹ್ಯಾರಿಯರ್‌ಗೆ ಹೆಸರಘಟ್ಟದ ಹುಲ್ಲುಗಾವಲು, ಬಾತುಗಳಿಗೆ ಹೊಸಕೋಟೆ ಕೆರೆ, ಕಾಡಿನ ಹಕ್ಕಿಗಳಿಗೆ ನಂದಿಬೆಟ್ಟ. ನಂದಿಯಲ್ಲಿ ಸೂರ್ಯೋದಯದ ಜಾತ್ರೆ ಬಿಟ್ಟು ನರ್ಸರಿಯ ಕಡೆ ತಿರುಗಿ. ತರಗೆಲೆ ಒದೆಯುವ ಇಂಡಿಯನ್ ಬ್ಲೂ ರಾಬಿನ್, ಕೊಂಬೆಯ ಮೇಲೆ ಅಲುಗಾಡದೆ ಕೂರುವ ನೀಲಿತಲೆಯ ರಾಕ್ ತ್ರಷ್ ಅಲ್ಲಿ ಸಿಗುತ್ತವೆ.

ಘಟ್ಟದ ಮೇಲೆ ಅಥವಾ ಕರಾವಳಿಯಲ್ಲಿ ಇರುವವರು ನವೆಂಬರ್ ಕೊನೆಗೆ ಅಮುರ್ ಫಾಲ್ಕನ್‌ಗೆ ಕಣ್ಣಿಡಿ. ಸುಮಾರು ಒಂದೂವರೆ ನೂರು ಗ್ರಾಂ ತೂಕ. ಚೀನಾ-ಸೈಬೀರಿಯಾ ಕಡೆಯಿಂದ ಹೊರಟು, ನಾಗಾಲ್ಯಾಂಡಿನ ದೊಯಾಂಗ್ ಹಿನ್ನೀರಿನ ಬಳಿ ತಂಗಿ, ನಮ್ಮ ಪರ್ಯಾಯದ್ವೀಪ ದಾಟಿ, ಅರಬ್ಬಿ ಸಮುದ್ರದ ಮೇಲೆ ಆಫ್ರಿಕಾಕ್ಕೆ ಹೋಗುತ್ತದೆ. 2013ರಲ್ಲಿ ಉಪಗ್ರಹ ಯಂತ್ರ ಕಟ್ಟಿದ ಹಕ್ಕಿಗಳು ಇದನ್ನು ತೋರಿಸಿಕೊಟ್ಟವು. ಅದೇ ಹೊತ್ತಿಗೆ ಏರೋಪ್ಲೇನ್ ಚಿಟ್ಟೆಗಳೂ ಸಮುದ್ರ ದಾಟುತ್ತವೆ, ದಾರಿಯ ಬುತ್ತಿ ಅವೇ ಅನ್ನುತ್ತಾರೆ. ಮೇಲೆ ಏರೋಪ್ಲೇನ್ ಚಿಟ್ಟೆ ತುಂಬಿಕೊಂಡ ದಿನ ಅದಕ್ಕೂ ಮೇಲೆ ನೋಡಿ.

ಹಕ್ಕಿಯೇ ಮನೆಗೆ ಬಂದರೆ

ಅಕ್ಟೋಬರ್, ನವೆಂಬರಿನಲ್ಲಿ ಒಂದು ಫೋನ್ ಬಂದೇ ಬರುತ್ತದೆ. 'ಬಾಲ್ಕನಿಯಲ್ಲಿ ಬಣ್ಣದ ಹಕ್ಕಿ ಬಿದ್ದಿದೆ, ಯಾರೋ ಸಾಕಿದ್ದು ತಪ್ಪಿಸಿಕೊಂಡಿರಬೇಕು.' ಹಸಿರು ಬೆನ್ನು, ಹೊಟ್ಟೆಯ ಕೆಳಗೆ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ, ಇಲ್ಲವೇ ಇಲ್ಲ ಅನ್ನುವಷ್ಟು ಗಿಡ್ಡ ಬಾಲ ಅಂದರೆ ಅದು ನವರಂಗ. ಯಾರೂ ಸಾಕಿದ್ದಲ್ಲ. ರಾತ್ರಿ ಹಾರಿ ಬರುವಾಗ ದೀಪದ ಬೆಳಕಿಗೆ ತಬ್ಬಿಬ್ಬಾಗಿ, ಗಾಜಿಗೆ ಬಡಿದು ಬಿದ್ದಿರುತ್ತದೆ.

ಆಗ ಮಾಡಬೇಕಾದದ್ದು ಇಷ್ಟು. ಮೇಲೆ ತೆಳು ಬಟ್ಟೆ ಹಾಕಿ ಮೆಲ್ಲಗೆ ಎತ್ತಿ. ಚಪ್ಪಲಿ ಡಬ್ಬಿಗೆ ನಾಲ್ಕು ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಹಕ್ಕಿ ಇಟ್ಟು ಮುಚ್ಚಿ. ಕತ್ತಲೆ, ಸದ್ದಿಲ್ಲದ ಮೂಲೆ. ಬಾಯಿಗೆ ನೀರು ಬಿಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅನ್ನ, ಬ್ರೆಡ್ಡು ಕೊಡಬೇಡಿ. ಮಕ್ಕಳಿಗೆ ತೋರಿಸಲು ಹತ್ತು ಸಲ ಮುಚ್ಚಳ ತೆಗೆಯಬೇಡಿ. ಒಂದೆರಡು ಗಂಟೆ ಬಿಡಿ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಇದ್ದರೆ ಹತ್ತಿರದ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಬರೀ ಏಟಿನ ಮಂಪರಾದರೆ ಡಬ್ಬಿಯೊಳಗೆ ಪರಪರ ಸದ್ದು ಶುರುವಾಗುತ್ತದೆ. ನಾಯಿ-ಬೆಕ್ಕು ಇಲ್ಲದ, ಪೊದೆ ಇರುವ ಜಾಗಕ್ಕೆ ಡಬ್ಬಿ ಒಯ್ದು, ನೆಲದ ಮೇಲಿಟ್ಟು, ಮುಚ್ಚಳ ತೆಗೆದು ಹಿಂದೆ ಸರಿಯಿರಿ. ಮೇಲಕ್ಕೆ ಎಸೆಯಬೇಡಿ.

ಹೋದ ವರ್ಷ ಎದುರು ಮನೆಯ ಅಜ್ಜಿ ಬಾಟಾ ಡಬ್ಬಿಯಲ್ಲಿ ಒಂದನ್ನು ತಂದುಕೊಟ್ಟರು. 'ಇಷ್ಟು ಗಿಡ್ಡ ಬಾಲ ಇಟ್ಕೊಂಡು ಅದ್ಹೇಗೆ ಹಾರುತ್ತಪ್ಪಾ ಇದು' ಅಂತ ಅವರ ಚಿಂತೆ. ನಾಲ್ಕೂವರೆಗೆ ಪಾರ್ಕಿನ ಬಿದಿರುಮೆಳೆಯ ಪಕ್ಕ ಡಬ್ಬಿ ಇಟ್ಟು ತೆಗೆದೆ. ಅದು ಹಾರಲಿಲ್ಲ. ಹೊರಗೆ ಕುಪ್ಪಳಿಸಿ, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ತರಗೆಲೆಯೊಂದನ್ನು ತಿರುವಿ ಹಾಕಿ ಹುಳ ಹುಡುಕಿತು. ಇನ್ನೊಂದು ಎಲೆ ತಿರುವಿತು. ಆಮೇಲೆ ಮೆಳೆಯೊಳಗೆ ನಡೆದುಕೊಂಡೇ ಹೋಯಿತು. ಅಜ್ಜಿ ಖಾಲಿ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, 'ನಾಳೆ ಬೆಳಿಗ್ಗೆ ಇಲ್ಲೇ ಇರುತ್ತಾ?' ಅಂದರು. ಬೆಳಿಗ್ಗೆ ಆರೂವರೆಗೆ ಇಬ್ಬರೂ ಹೋದೆವು. ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡೆ.